ನಿನ್ನದಲ್ಲದ ಚೀಟಿ

ಆ ದಿನ ನನ್ನ ಕೈಗೆ ಬಂದ ಚೀಟಿಯಲ್ಲಿದ್ದದ್ದು ನಿನ್ನ ಹುಟ್ಟಿದ ದಿನಾಂಕವಲ್ಲ, ನಿಖಿಲ್. ನನ್ನ ಮಗ ವಿವೇಕನದು. ಅದನ್ನು ನೋಡಿಯೂ ನಾನು ನಿನ್ನದನ್ನು ಓದಿದೆ.

ನಿನಗೆ ನೆನಪಿರಬಹುದು — ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನ ನಮ್ಮ ಮನೆಯಲ್ಲಿ ಕನ್ನಡ ಸಂಘದ ಕೂಟ. ಟಿವಿಯಲ್ಲಿ ಯುದ್ಧದ ಸುದ್ದಿ. ಕಡ್ಡಾಯ ಸೇನಾಸೇವೆ ಮರಳಿ ಬರುತ್ತದೆಂದು ನಿಮ್ಮ ಶಾಲೆಗಳಲ್ಲೆಲ್ಲ ಗಾಳಿಮಾತು. ಅಮೆರಿಕ ಹದಿನೆಂಟು ತುಂಬಿದ ಹುಡುಗರ ಹೆಸರು ಬರೆದಿಟ್ಟುಕೊಳ್ಳುತ್ತದೆ, ಸದ್ಯಕ್ಕೆ ಯಾರನ್ನೂ ಕರೆಯುವುದಿಲ್ಲ. ಕರೆದರೆ ಹುಟ್ಟಿದ ದಿನಾಂಕಗಳ ಲಾಟರಿ ಎತ್ತಿ ಕರೆಯುತ್ತದೆ. ಹೆಂಡತಿಯ ಕೆಲಸಕ್ಕಾಗಿ ಹ್ಯೂಸ್ಟನ್‌ಗೆ ಬರುವ ಮೊದಲು ನಾನು ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುತ್ತಿದ್ದವನು. ಆ ಲಾಟರಿ ಹೇಗೆಂದು ನಿಮಗೆ ವಿವರಿಸುವ ಬದಲು ತೋರಿಸಿಬಿಡೋಣ ಎಂದುಕೊಂಡೆ. ಸಂಘದ ಟಂಬೋಲಾ ಡಬ್ಬಿಗೆ ನಿಮ್ಮ ನಿಮ್ಮ ದಿನಾಂಕ ಬರೆದು ಹಾಕಿ ಎಂದೆ.

“ನಾನು ಕೆನಡಾಕ್ಕೆ ಓಡಿಹೋಗ್ತೀನಿ” ಎಂದ ಒಬ್ಬ.

“ಇದು ಟೆಕ್ಸಸ್, ಡ್ಯೂಡ್. ಮೆಕ್ಸಿಕೋನೇ ಹತ್ತಿರ” ಎಂದೆ ನೀನು. ಎಲ್ಲರೂ ನಕ್ಕರು.

ವಿವೇಕ ಮಾತ್ರ ನಗಲಿಲ್ಲ. “ಲಾಟರಿ ಫೇರ್ ಆಗಿದ್ರೆ ನಾನು ಹೋಗ್ತೀನಪ್ಪ” ಎಂದ.

ಮೊದಲ ಚೀಟಿ ಬಿಚ್ಚಿದೆ — ಅವನದೇ ಕೈಬರಹ. ಇದು ಆಟವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ... ಹಿಂದಿನ ವಾರವಷ್ಟೇ ಪಕ್ಕದ ಕೇಟಿ ಊರಿನ ನಿಮ್ಮ ಮನೆಯಲ್ಲಿ ನಿನ್ನ ಬರ್ತ್‌ಡೇ ಊಟ ಮುಗಿಸಿ ಬಂದಿದ್ದೆ. ನಾಲಿಗೆಗೆ ಸಿಕ್ಕಿದ್ದು ಆ ದಿನಾಂಕ — ಇಲ್ಲ, ಈ ವಾಕ್ಯ ಸರಿಯಿಲ್ಲ. ಸಿಕ್ಕಿದ್ದಲ್ಲ, ನಾನು ಆರಿಸಿದ್ದು. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಡಬ್ಬಿ ಮುಚ್ಚಿಬಿಟ್ಟೆ.

“ಏನೋ ಸೋಲ್ಜರ್!” ಎಂದು ಹುಡುಗರು ನಿನ್ನ ಬೆನ್ನು ತಟ್ಟಿದರು. ಆ ಹೆಸರು ನಿನಗೆ ಅಂಟಿಕೊಂಡಿತು. ನಿನ್ನ ಅಮ್ಮ ಗಿರಿಜಾ ತಟ್ಟೆ ಕೆಳಗಿಟ್ಟರು. “ಆಟಕ್ಕಾದ್ರೂ ನಮ್ಮ ನಿಖಿಲನ ಡೇಟೇ ಬರಬೇಕಿತ್ತೇನ್ರಿ?”

“ಚೀಟಿಗೆ ಏನು ಗೊತ್ತಮ್ಮ” ಎಂದೆ. ನಗುತ್ತಲೇ ಹೇಳಿದೆ. ಸಂಘದ ಪತ್ರಿಕೆಗೆ ಕೂಟದ ವರದಿ ಬರೆದವನೂ ನಾನೇ, ಅದರಲ್ಲೂ ನಿನ್ನ ದಿನಾಂಕವೇ ಬಂತೆಂದು ಬರೆದೆ.

ಹೈಸ್ಕೂಲು ಮುಗಿದ ಮೇಲೆ ನೀನಾಗಿಯೇ ಸೇನೆಗೆ ಸೇರಿದೆ. ಹೊರಡುವ ಮುನ್ನ ನಮ್ಮ ಮನೆಗೆ ಬಂದು, ಯಾರೂ ಕೇಳದಿದ್ದರೂ, ನೀನೇ ಹೇಳಿದೆ: “ಅವತ್ತು ನೀವು ನನ್ನ ಡೇಟ್ ಓದಿದಾಗ ಎಲ್ಲರ ಮುಖ ನೋಡ್ದೆ ಅಂಕಲ್. ಎವ್ರಿವನ್ ವಾಸ್ ರಿಲೀವ್ಡ್. ಇನ್ನೊಬ್ಬರ ಡೇಟ್ ಬಂದಿದ್ರೆ ನನ್ನ ಮುಖಾನೂ ಹಾಗೇ ಇರ್ತಿತ್ತು. ಐ ಹೇಟೆಡ್ ದಟ್.”

ಆಗ ಹೇಳಬಹುದಿತ್ತು. ವಿವೇಕ ಪಕ್ಕದಲ್ಲೇ ಕೂತಿದ್ದ. ಆ ಮುಖಗಳಲ್ಲಿ ಎಲ್ಲಕ್ಕಿಂತ ನಿರಾಳವಾಗಿದ್ದದ್ದು ನನ್ನದು ಎಂದು — ಅಷ್ಟಾದರೂ... “ಆಲ್ ದಿ ಬೆಸ್ಟ್ ಮಗನೇ” ಎಂದೆ.

ವಿವೇಕ ಈಗ ಇಲ್ಲೇ ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿ ಕೆಲಸದಲ್ಲಿದ್ದಾನೆ. ಸೇನೆ ನಿನ್ನನ್ನು ಎಲ್ಲಿಗೆ ಕಳಿಸಿದೆಯೆಂದು ನಿನ್ನ ಅಮ್ಮನಿಗೂ ಗೊತ್ತಿಲ್ಲ. ಸಿಕ್ಕಾಗಲೆಲ್ಲ “ದೇವರೇ ಅವನ ಚೀಟಿ ಎತ್ತಿಸಿದ್ದ ಬಿಡ್ರಿ” ಎನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ನನ್ನ ಸುಳ್ಳನ್ನು ಅವರು ದೇವರ ತಲೆಗೆ ಕಟ್ಟುವಾಗಲೂ ತಲೆಯಾಡಿಸುತ್ತೇನೆ.

ನೀನು ಸೇನೆಗೆ ಸೇರಲು ಆ ಆಟವೇ ಕಾರಣ ಎಂದು ಬರೆಯಲಾರೆ, ಪುರಾವೆಯಿಲ್ಲ. ಆದರೆ ಡಬ್ಬಿ ಹಿಡಿದವನು ತನ್ನ ಮಗನನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದ ಎಂಬುದು ಸೇನೆಯ ಕಾಗದಕ್ಕೆ ಸಹಿ ಹಾಕುವ ಮೊದಲು ನಿನಗೆ ತಿಳಿಯಬೇಕಿತ್ತು. ತಿಳಿಯದಂತೆ ಮಾಡಿದವನು ನಾನು.

ಇದನ್ನು ಇವತ್ತೇ ನಿನ್ನ ಇಮೇಲ್‌ಗೆ ಕಳಿಸುತ್ತಿದ್ದೇನೆ. ಭಾನುವಾರ ವಿವೇಕನನ್ನು ಕರೆದುಕೊಂಡು ಕೇಟಿಗೆ ಹೋಗುತ್ತೇನೆ. ಅವನಿಗೂ ಇನ್ನೂ ಗೊತ್ತಿಲ್ಲ, ದಾರಿಯಲ್ಲಿ ಹೇಳಬೇಕು. ನಿನ್ನ ಅಮ್ಮ ಬಾಗಿಲು ತೆರೆದು “ಬರ್ರಿ, ಒಳಗ ಬರ್ರಿ” ಎಂದೇ ಕರೆಯುತ್ತಾರೆ. ಹೊಸ್ತಿಲಿನ ಹೊರಗೇ ನಿಂತು ಹೇಳುತ್ತೇನೆ. ಆಮೇಲೆ ಕರೆಯುವುದು ಬಿಡುವುದು ಅವರಿಗೆ ಬಿಟ್ಟದ್ದು.