ಟೇಪಿನ ಮೊದಲನೇ ಮಗ್ಗುಲು

ಆ ಅರಬ್ ಹಾಡುಗಾರ್ತಿಯ ಬಗ್ಗೆ ನನ್ನ ಹಳೆಯ ಡೈರಿಯಲ್ಲಿ ಹನ್ನೊಂದು ಪುಟಗಳಿವೆ. ಅವಳ ಹಾಡಿನ ಒಂದು ಪದವೂ ನನಗೆ ಅರ್ಥವಾಗುತ್ತಿರಲಿಲ್ಲ. ಬರೆದಿದ್ದೆಲ್ಲ ಒಬ್ಬನೇ ಮನುಷ್ಯನ ಬಾಯಿಂದ ಕೇಳಿದ್ದು, ಅದೂ ಟೇಪಿನಲ್ಲಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊನ್ನಾಳಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ನಮ್ಮ ಹಿಂದಿನ ಮನೆಯಲ್ಲಿ ಒಬ್ಬ ದರ್ಜಿಯಿದ್ದ. ಹೊಲಿಗೆ ಬಿಟ್ಟು ಡ್ರೈವಿಂಗ್ ಕಲಿತು ಅರಬ್ ದೇಶಕ್ಕೆ ಹೋದ. ಮನೆಯಲ್ಲಿ ಅವನ ತಾಯಿ, ಹೆಂಡತಿ, ಪುಟ್ಟ ಮಗಳು ಉಳಿದರು. ಒಂದೇ ಒಂದು ಸಲ ರಜೆಗೆ ಬಂದಾಗ ಒಂದು ಟೇಪ್ ರೆಕಾರ್ಡರ್ ತಂದ. ಅವರ ಮನೆಗೆ ಇನ್ನೂ ಕರೆಂಟ್ ಬಂದಿರಲಿಲ್ಲವಾದ್ದರಿಂದ ಅದನ್ನು ನಮ್ಮಲ್ಲಿಟ್ಟು ಹೋದ.

ಅಲ್ಲಿಂದಾಚೆ ಕಾಗದಗಳು ನಿಂತು ಕ್ಯಾಸೆಟ್ ಬರತೊಡಗಿತು. ಆ ಕಡೆ ದುಡಿಯಲು ಹೋದವರೆಲ್ಲ ಆಗ ಹಾಗೆಯೇ ಮಾಡುತ್ತಿದ್ದರು. ಹಾಡಿನ ಕ್ಯಾಸೆಟ್ಟಿನ ಬೆನ್ನಿಗಿರುವ ಎರಡು ತೂತಿಗೆ ಕಾಗದ ಅಂಟಿಸಿದರೆ ಅದರ ಮೇಲೆ ಮಾತು ತುಂಬಬಹುದು. ಮೊದಲನೇ ಮಗ್ಗುಲಿನಲ್ಲಿ ಅವನ ಮಾತು, ಎರಡನೇ ಮಗ್ಗುಲಿನಲ್ಲಿ ಇವರ ಉತ್ತರ. ರಜೆಗೆ ಬಂದು ಹೋಗುತ್ತಿದ್ದ ಚನ್ನಗಿರಿಯವನೊಬ್ಬನ ಕೈಯಲ್ಲಿ ಅದೇ ಕ್ಯಾಸೆಟ್ ಹೋಗುತ್ತಿತ್ತು, ಬರುತ್ತಿತ್ತು. ದರ್ಜಿಯ ಮಾತು ಮುಗಿದ ಕೂಡಲೇ ಕೆಳಗೆ ಉಳಿದಿದ್ದ ಹಾಡು ಅರ್ಧ ಸಾಲಿನಿಂದ ಎದ್ದು ಬರುತ್ತಿತ್ತು. ಆ ಹಾಡುಗಾರ್ತಿಯ ದನಿ ನಾನು ಮೊದಲು ಕೇಳಿದ್ದು ಹೀಗೆ.

ಯಾರಿವಳು ಎಂದು ಒಮ್ಮೆ ಉತ್ತರದಲ್ಲಿ ಕೇಳಿದೆ. ಅವನಿಗೆ ಖುಷಿಯಾಗಿರಬೇಕು. ಮುಂದಿನ ಟೇಪುಗಳಲ್ಲಿ ತಾಯಿಗೂ ಹೆಂಡತಿಗೂ ಅವರ ಉರ್ದುವಿನಲ್ಲಿ ಮಾತಾಡಿ, ಆಮೇಲೆ "ಮೇಷ್ಟ್ರೇ, ಇನ್ನು ನಿಮಗೆ" ಎಂದು ಕನ್ನಡಕ್ಕೆ ಬರುತ್ತಿದ್ದ. ಅವಳು ಬಂದರಿನಲ್ಲಿ ಖರ್ಜೂರ ಮೂಟೆ ಕಟ್ಟುವವನ ಮಗಳಂತೆ. ಮದುವೆ ಮನೆಗಳಲ್ಲಿ ಹೆಂಗಸರ ನಡುವೆ ಕೂತು ಹಾಡುತ್ತಿದ್ದಳಂತೆ. ಮುಖ ತೋರಿಸಬಾರದೆಂದು ಮನೆಯವರು ಹಟ ಹಿಡಿದಿದ್ದರಿಂದ ಮೊದಲ ಕ್ಯಾಸೆಟ್ಟುಗಳ ಮೇಲೆ ಒಂದು ಕಾಫಿ ಹೂಜಿಯ ಚಿತ್ರವಷ್ಟೇ ಇತ್ತಂತೆ. ಮದುವೆಯಾದ ಮೇಲೆ ಕೆಲವು ವರ್ಷ ಹಾಡು ಬಿಟ್ಟಳು. ಮತ್ತೆ ಬಂದಾಗ ದನಿ ದಪ್ಪವಾಗಿತ್ತು. ಜನಕ್ಕೆ ಆ ದನಿಯೇ ಹೆಚ್ಚು ಹಿಡಿಸಿತು.

ಒಂದು ಭಾನುವಾರ ಮಧ್ಯಾಹ್ನ ಕೊನೆಯ ಟೇಪ್ ಕೇಳಿದೆವು. ಅವನ ತಾಯಿ ನ್ಯಾಮತಿಯಲ್ಲಿದ್ದ ಮಗಳ ಬಾಣಂತನಕ್ಕೆ ಹೋಗಿದ್ದರು. ದರ್ಜಿಯ ಹೆಂಡತಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ರೆಕಾರ್ಡರಿನ ಹತ್ತಿರ ಕೂತಿದ್ದಳು. ನನ್ನ ಹೆಂಡತಿ ಒಳಗೆ ಅಕ್ಕಿ ಆರಿಸುತ್ತಿದ್ದಳು. ಅವರ ಮನೆಮಾತು ನನಗೆ ಮುಕ್ಕಾಲು ತಿಳಿಯುತ್ತಿತ್ತು, ಆದರೆ ಅವತ್ತು ನಾನು ಮೇಜಿನ ಮುಂದೆ ಹಿಂದಿನ ಟೇಪಿನದನ್ನು ಡೈರಿಗೆ ಇಳಿಸುತ್ತಿದ್ದೆ. "ಮೇಷ್ಟ್ರೇ" ಎಂದಾಗ ಕಿವಿ ತೆರೆಯಿತು. ಅವನ ಯಜಮಾನ ಹಾಡು ಕೇಳಲು ಹೋಗಿದ್ದನಂತೆ. ಇವನು ಕಾರಿನ ಹತ್ತಿರ ನಿಂತು ಗೋಡೆಯಾಚೆಯಿಂದಲೇ ಕೇಳಿದನಂತೆ. ಮುಗಿದ ಮೇಲೆ ಅವಳು ಹಿಂಬಾಗಿಲಿನಿಂದ ಹೊರಬಂದಳು. ಚಪ್ಪಲಿ ಕೈಯಲ್ಲಿತ್ತು. "ಕಾಲು ಬಾತಿದ್ವು ಮೇಷ್ಟ್ರೇ. ನಮ್ಮವ್ವ ಗದ್ದೆ ಕೆಲಸ ಮುಗಿಸಿ ಬರೋಳಲ್ಲ, ಹಂಗೇ ಇದ್ಲು."

ಮುಂದಿನ ವಾರ, ದರ್ಜಿಯ ಮನೆಯವರು ಉತ್ತರ ಹೇಳುವ ಮೊದಲೇ, ನನ್ನ ಪ್ರಶ್ನೆಗಳನ್ನು ಒಬ್ಬನೇ ಕೂತು ಟೇಪಿನಲ್ಲಿ ತುಂಬಿದೆ.

ಅದಾಗಿ ಎರಡು ದಿನಕ್ಕೆ ಜಗಳೂರಿನಿಂದ ದರ್ಜಿಯ ಹೆಂಡತಿಯ ಅಣ್ಣ ಬಂದ. ಟ್ರಂಕು ಮಾಡುವವನು, ಬೆರಳ ತುಂಬ ತಗಡು ಕೊಯ್ದ ಗಾಯ. ನಮ್ಮ ಪಡಸಾಲೆಯಲ್ಲೇ ಕೂತ.

"ನಾಕು ವರ್ಷ ಆತು ಮೇಷ್ಟ್ರೇ. ಒಂದ್ಸಲ ಮುಖ ತೋರ್ಸಿ ಹೋದೋನು ಪತ್ತೆ ಇಲ್ಲ. ತಂಗೀನ ಕರ್ಕೊಂಡು ಹೋಗಾಕೆ ಬಂದೀನಿ. ಆಮೇಲೆ ಜಮಾತಿನೋರ ಮುಂದೆ ಕುಂತು ಬಿಡುಗಡೆ ಮಾತಾಡ್ತೀವಿ."

ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. "ರಂಜಾನ್‌ಗೆ ಬರ್ತೀನಿ ಅಂದಾರೆ ಭೈಯ್ಯಾ. ಜಗಳೂರಿಗೆ ಹೋಗ್ಬೇಡ, ಅಮ್ಮನ ಹತ್ರಾನೇ ಇರು ಅಂದಾರೆ. ಟೇಪಿನಾಗೆ ಹೇಳ್ಯಾರೆ."

"ಹೌದಾ? ಟೇಪ್ ಇಲ್ಲೇ ಐತಲ್ಲ. ಹಾಕ್ರಿ ಮೇಷ್ಟ್ರೇ, ಕೇಳೇಬಿಡಾನ."

"ಅವರಿಗ್ಯಾಕೆ ತೊಂದ್ರೆ," ಎಂದಳು ಅವಳು.

ತೊಂದರೆಯೇನಿಲ್ಲವೆಂದು ನಾನು ಮೊದಲನೇ ಮಗ್ಗುಲು ಹಾಕಿ ಗುಂಡಿ ಒತ್ತಿದೆ. ನನ್ನದೇ ದನಿ ಬಂತು. "ಹಲೋ, ಹಲೋ. ಆ ಗಾಯಕಿ ರೇಡಿಯೋದಲ್ಲಿ ಮೊದಲು ಹಾಡಿದ್ದು ಮದುವೆಗೆ ಮುಂಚೆಯೋ, ಆಮೇಲೋ? ಮತ್ತೆ ಹಾಡಲು ಗಂಡ ಒಪ್ಪಿದ್ದು ಹೇಗೆ?" ತರಗತಿಯಲ್ಲಿ ಮಾತಾಡುವಂತೆ, ಬಿಡಿಸಿ ಬಿಡಿಸಿ, ಉದ್ದಕ್ಕೂ. ಎರಡನೇ ಮಗ್ಗುಲಿನಲ್ಲಿ ತುಂಬಬೇಕಾದ್ದನ್ನು ಅವನ ಮಾತಿನ ಮೇಲೆಯೇ ತುಂಬಿಬಿಟ್ಟಿದ್ದೆ. ಕೊನೆಗೆ ನನ್ನ ದನಿ ನಿಂತು ಅವನ ಕನ್ನಡದ ಬಾಲವಷ್ಟು ಕೇಳಿಸಿತು, ಬಾತ ಕಾಲಿನ ಮಾತು. ಹಿಂದೆಯೇ ಹಾಡು ಬಂತು. ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು.

ಅಣ್ಣ ಸ್ವಲ್ಪ ಹೊತ್ತು ಹಾಡು ಕೇಳಿದ. "ಆ ಯಮ್ಮನ ಗಂಡನ್ನ ಚೆನ್ನಾಗಿ ವಿಚಾರ್ಸೀರಿ ಬಿಡ್ರಿ. ನಮ್ಮ ಹುಡುಗಿ ಗಂಡ ಎಲ್ಲಿ ಹೋದ?"

ನಾನು ರೆಕಾರ್ಡರ್ ಆರಿಸಿದೆ.

"ಹೋಗ್ಲಿ, ನೀವು ಅವತ್ತು ಇಲ್ಲೇ ಇದ್ರಲ್ಲ. ರಂಜಾನ್‌ಗೆ ಬರ್ತೀನಿ ಅಂದಿದ್ದು ನೀವು ಕೇಳಿದ್ರಾ?"

ಅವಳು ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದಳು.

"ಕೇಳಿದೆ," ಎಂದೆ. "ರಂಜಾನ್‌ಗೆ ಬರ್ತೀನಿ ಅಂದ."

"ಓದಿದೋರು ನೀವು. ನಿಮ್ಮ ಮಾತಿನ ಮ್ಯಾಲೆ ಬಿಟ್ಟು ಹೋಗ್ತೀನಿ," ಎಂದು ಅವನು ಎದ್ದ.

ಆ ರಂಜಾನ್‌ಗೆ ದರ್ಜಿ ಬರಲಿಲ್ಲ, ಅವನ ಟೇಪೂ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಅಣ್ಣ ಮತ್ತೆರಡು ಸಲ ಬಂದನಂತೆ. ನಾನು ಮನೆಯಲ್ಲಿರಲಿಲ್ಲ, ಅಥವಾ ಇಲ್ಲದಂತೆ ನೋಡಿಕೊಂಡೆ. ಅವಳು ಮಗಳ ಕೈ ಹಿಡಿದು ನೀರಿಗೆ ಹೋಗುವುದು ಕಂಡರೆ ಕಿಟಕಿಯಿಂದ ಸರಿಯುತ್ತಿದ್ದೆ. ನನ್ನಿಂದಾಗಿ ಅವಳು ಕಾಯುತ್ತಿದ್ದಾಳೆ ಎಂಬ ಯೋಚನೆ ಊಟದಲ್ಲೂ ಪಾಠದಲ್ಲೂ ಜೊತೆಗಿತ್ತು. ಚನ್ನಗಿರಿಗೆ ವರ್ಗವಾದಾಗ ಸಮಾಧಾನವೇ ಆಯಿತು.

ಆದರೆ ವರ್ಷ ಕಳೆದಂತೆ ಬೇರೊಂದು ಶುರುವಾಯಿತು. ಅವನು ಆ ಮಾತು ಹೇಳಿದ್ದು ನನಗೆ ನಿಜವಾಗಿ ಕೇಳಿಸತೊಡಗಿತು. ಒಂದು ಕೆಮ್ಮು, ಸ್ವಲ್ಪ ತಡೆದು "ರಂಜಾನ್", ಹಿಂದೆ ಫ್ಯಾನಿನ ಸದ್ದು. ಇಷ್ಟು ಸ್ಪಷ್ಟವಾಗಿ ನೆನಪಿರುವುದು ಸುಳ್ಳಾಗಿರಲಾರದು, ಅವತ್ತು ಅರೆಗಿವಿಯಲ್ಲಿ ಕೇಳಿರಬೇಕು ಎಂದುಕೊಂಡೆ. ಡೈರಿ ತೆಗೆದು ಆ ಭಾನುವಾರದ ಪುಟ ನೋಡಿದೆ. ಚಪ್ಪಲಿ ಇತ್ತು, ಬಾತ ಕಾಲಿತ್ತು. ರಂಜಾನ್ ಇರಲಿಲ್ಲ.

ದರ್ಜಿ ಊರಿಗೆ ಬಂದುಬಿಟ್ಟಿದ್ದಾನೆಂದು ತಿಳಿದ ಮೇಲೆ ಒಮ್ಮೆ ಹೊನ್ನಾಳಿಗೆ ಹೋದೆ. ಸೊರಗಿದ್ದ, ಮತ್ತೆ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ. ಹಾಡುಗಾರ್ತಿಯ ವಿಷಯ ಅವನೇ ಎತ್ತಿದ. ಈಗ ಹಾಡುವುದಿಲ್ಲವಂತೆ, ಮಗನ ಮನೆಯಲ್ಲಿದ್ದಾಳಂತೆ. ಕೊನೆಯ ಟೇಪಿನಲ್ಲಿ ಹೆಂಡತಿಗೆ ಏನು ಹೇಳಿದ್ದೆ ಎಂದು ಕೇಳಿದೆ.

"ನೆನಪೆಲ್ಲಿ ಮೇಷ್ಟ್ರೇ. ಬಾಯಿಗೆ ಬಂದಿದ್ದು ಹೇಳಿರ್ತೀನಿ."

ಹೊರಡುವಾಗ ಅವನ ಹೆಂಡತಿ ಓಣಿಯ ತಿರುವಿನವರೆಗೆ ಬಂದಳು.

"ರಂಜಾನ್ ಅಂದಿರ್ಲಿಲ್ಲ ಮೇಷ್ಟ್ರೇ. ನೋಡಾನ ಅಂದಿದ್ರು, ಅಷ್ಟೇ. ನಾನೇ ಸೇರ್ಸಿ ಹೇಳ್ದೆ. ಜಗಳೂರಿಗೆ ಹೋಗಾಕೆ ಮನಸ್ಸಿರ್ಲಿಲ್ಲ. ನೀವು ಟೇಪ್ ಹಾಕಿದಾಗ ಜೀವ ಹೋದಂಗಾಗಿತ್ತು." ಸ್ವಲ್ಪ ನಕ್ಕಳು. "ನಿಮ್ಮ ದನಿ ಬಂತಲ್ಲ, ಸದ್ಯ ಉಳ್ಕೊಂಡೆ ಅಂತ ಕುಂತ್ಕೊಂಡೆ. ಆಮೇಲೆ ನೀವೂ ಕೇಳಿದೆ ಅಂದ್ರಿ. ತಲೆ ಎತ್ತದಂಗೆ ಬರೀತಿದ್ರಿ ಅವತ್ತು, ನಾನೇ ನೋಡಿದ್ನಲ್ಲ."

ಚನ್ನಗಿರಿಯ ಬಸ್ಸಿನಲ್ಲಿ ಕೂತು, ಅವನ ದನಿಯಲ್ಲಿ, ಅವರ ಉರ್ದುವಿನಲ್ಲಿ, "ನೋಡಾನ" ಎನ್ನುವುದನ್ನು ಕೇಳಿಸಿಕೊಳ್ಳಲು ಪ್ರಯತ್ನಿಸಿದೆ. ಬರಲಿಲ್ಲ. ಕೆಮ್ಮು ಬಂತು, ಫ್ಯಾನು ಬಂತು, "ರಂಜಾನ್" ಬಂತು. ಈಗಲೂ ಅದೇ ಬರುತ್ತದೆ. ಅವಳು ಹೇಳಿದ್ದನ್ನು ಅವತ್ತೇ ಡೈರಿಯಲ್ಲಿ ಬರೆದಿಟ್ಟೆ, ಇಲ್ಲದಿದ್ದರೆ ಅದನ್ನೂ ನಂಬದೆ ಹೋಗುತ್ತಿದ್ದೆ.