ಅಕ್ಕನ ಕತ್ತರಿ, ಗೆಳತಿಯ ಹೂಂ

ನಮ್ಮಕ್ಕ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಉದ್ದದ ಮೇಜಿನ ಮೇಲೆ ಬಟ್ಟೆ ಹಾಸಿ ಅವಳು ಸೀಮೆಸುಣ್ಣದ ಗೆರೆ ಎಳೆಯಬೇಕು, ಎದುರಿಗೆ ನಿಂತ ಗೆಳತಿ ನೋಡಿ ‘ಹೂಂ’ ಅನ್ನಬೇಕು, ಆಮೇಲೇ ಕತ್ತರಿ. ಈ ಅಭ್ಯಾಸ ಮನೆವರೆಗೂ ಬಂದಿತ್ತು. ಹೊಸ ಚಪ್ಪಲಿ ಕೊಂಡರೂ ಮೊದಲು ಗೆಳತಿಗೆ ತೋರಿಸಬೇಕು. ನಾನು ಬರೀ ತಂಗಿ, ಲೆಕ್ಕಕ್ಕಿಲ್ಲ.

ಹಾಗಾಗಿ ಅಕ್ಕನ ಬೆರಳ ಗೆಣ್ಣುಗಳು ಊದಿ, ಬೆಳಿಗ್ಗೆ ಲೋಟ ಹಿಡಿಯಲೂ ಆಗದಂತಾದಾಗ ಮೊದಲು ತೋರಿಸಿದ್ದು ಆ ಗೆಳತಿಗೇ. ಯಾರಿಗೂ ಹೇಳಬೇಡ ಅಂತಲೂ ಬೇಡಿಕೊಂಡಿದ್ದಳಂತೆ. ಆ ಮಹಾತಾಯಿ ಅವತ್ತೇ ಮಾಲೀಕರ ಕಿವಿಗೆ ಹಾಕಿದಳು. ಅವರು ಅಕ್ಕನೆದುರೇ, “ಏನಮ್ಮಾ, ಇವಳ ಕೈ ಹೋಯ್ತಾ?” ಎಂದು ಗೆಳತಿಯನ್ನು ಕೇಳಿದಾಗ ಅವಳು ನೆಲ ನೋಡುತ್ತ “ಹೂಂ” ಅಂದಳು. ಮರುದಿನ ಅಕ್ಕನ ಜಾಗದಲ್ಲಿ ಗೆಳತಿಯ ಸೊಸೆ! ಆ ಗೆಳತಿ ನಮ್ಮನೆಯಲ್ಲಿ ಎಷ್ಟು ಸಲ ಉಂಡಿದ್ದಾಳೋ. ಉಂಡ ಮನೆಯ ಗಳ ಎಣಿಸುವುದು ಅಂದರೆ ಇದೇ.

ಡಾಕ್ಟರ್ ಸಂಧಿವಾತ ಅಂದರು. ಅದು ಮುದುಕರಿಗೆ ಬರುವುದಲ್ಲವೇ ಎಂದು ನಾನು ಜಗಳಕ್ಕೇ ನಿಂತೆ. ಅವರು ಬೇಸರಿಸದೆ ಬಿಡಿಸಿ ಹೇಳಿದರು. ಮೈ ಕಾಯಲು ಬಿ ಕೋಶ, ಟಿ ಕೋಶ ಅಂತ ಇವೆ. ಬಿ ಕೋಶ ತಾನು ಹಿಡಿದ ವೈರಿಯ ಚೂರೊಂದನ್ನು ಟಿ ಕೋಶಕ್ಕೆ ತೋರಿಸುತ್ತದೆ. ಅದು ಒಪ್ಪಿದ ಮೇಲೆ ಬಿ ಕೋಶದ ಸಂತತಿ ಬೆಳೆದು, ವೈರಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ರಾಶಿರಾಶಿ ತಯಾರಿಸುತ್ತದೆ. ಒಬ್ಬರ ತಪ್ಪನ್ನು ಇನ್ನೊಬ್ಬರು ತಡೆಯಲಿ ಎಂಬ ಏರ್ಪಾಡು. ಆದರೆ ಅಕ್ಕನಲ್ಲಿ ಬಿ ಕೋಶ ತೋರಿಸಿದ್ದು ಅವಳದೇ ಮೈಯ ಚೂರು, ಟಿ ಕೋಶ ಅದಕ್ಕೂ ಒಪ್ಪಿಬಿಟ್ಟಿದೆ.

ಅಕ್ಕ ತನ್ನ ಕೈಗಳನ್ನೇ ನೋಡುತ್ತ, “ಅಲ್ಲೂ ಹೂಂ ಅಂದ್ಬಿಟ್ಲಾ?” ಅಂದಳು. ಡಾಕ್ಟರಿಗೆ ಏನೂ ತಿಳಿಯಲಿಲ್ಲ.

ಆ ಕೋಶಗಳ ಆರ್ಭಟವನ್ನು ಮಾತ್ರೆಗಳು ನಿಧಾನಕ್ಕೆ ತಗ್ಗಿಸಿದವು. ಬೆರಳು ಮತ್ತೆ ಮಡಚಲು ಬಂತು. ಅಷ್ಟರಲ್ಲಿ ಸೊಸೆ ಎಳೆದ ಸೊಟ್ಟ ಗೆರೆಗೆಲ್ಲ ಅತ್ತೆ ನೋಡದೆಯೇ ಹೂಂ ಅಂದು, ಥಾನುಗಟ್ಟಲೆ ಬಟ್ಟೆ ಹಾಳಾಗಿತ್ತು. ಮಾಲೀಕರೇ ಅಕ್ಕನಿಗೆ ಹೇಳಿಕಳಿಸಿದರು. ನಾನೂ ಜೊತೆಗೆ ಹೋದೆ.

ಅಕ್ಕ ಬಟ್ಟೆ ಹಾಸಿ ಗೆರೆ ಎಳೆದಳು. ಗೆಳತಿ ಕಣ್ಣೊರೆಸಿಕೊಳ್ಳುತ್ತ, “ಹೂಂ ಕಣೇ, ಕತ್ತರಿಸು” ಅಂದಳು.

ಅಕ್ಕ ಕತ್ತರಿ ಎತ್ತಲಿಲ್ಲ. ನನ್ನ ಕಡೆ ತಿರುಗಿ, “ಗೆರೆ ಸರಿ ಇದ್ಯಾ, ನೀನು ನೋಡಿ ಹೇಳೇ” ಅಂದಳು. ನನಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ಅದು ಅವರಿಬ್ಬರಿಗೂ ಗೊತ್ತು.