ಕಾಗದಕ್ಕೆ ಅಂಟಿಸಿದ ರಾಣಿ

ಆಗೆಲ್ಲ ಗಡಿಯಂಚಿನ ನಮ್ಮ ಬಾಗಲೂರಿನವರಿಗೆ ಹೊಸೂರೇ ದೊಡ್ಡ ಪೇಟೆ, ಕೃಷ್ಣಗಿರಿ ಎಂದರೆ ಪರದೇಶ. ಆ ಪರದೇಶದ ಕಾನ್ವೆಂಟ್ ಬೋರ್ಡಿಂಗಿಗೆ ಅಪ್ಪ ನನ್ನನ್ನು ಹತ್ತನೇ ವಯಸ್ಸಿಗೇ ಸೇರಿಸಿದರು. ಇಂಗ್ಲಿಷ್ ಬಂದರೆ ಲೋಕವೇ ಬಂತು ಎಂದು ನಂಬಿದ್ದ ಮೇಷ್ಟ್ರು ಅವರು. ಬಾರ್ ಸೋಪಿನ ವಾಸನೆಯ ಡಾರ್ಮಿಟರಿ, ನೀರು ಸಾರು, ಸುತ್ತಲೂ ತಮಿಳು. ಕನ್ನಡದಲ್ಲಿ ಮಾತಾಡಬೇಕೆಂದರೆ ನನಗೆ ಸಿಗುತ್ತಿದ್ದವಳು ನಾನೊಬ್ಬಳೇ.

ಇಂಗ್ಲಿಷ್ ಕಲಿಸುತ್ತಿದ್ದ ಬಿಳಿ ಸಿಸ್ಟರ್‌ಗೆ ಅವರ ಸೀಮೆಯಿಂದ ಕಾಗದ ಬರುತ್ತಿದ್ದವು. ಡಿಕ್ಟೇಶನ್‌ನಲ್ಲಿ ಫಸ್ಟ್ ಬಂದವಳಿಗೆ ಲಕೋಟೆಯ ಸ್ಟಾಂಪಿನ ಮೂಲೆ ಕತ್ತರಿಸಿ ಕೊಡುವರು. ಒಮ್ಮೆ ನನಗೆ ಸಿಕ್ಕಿದ್ದು ನೀಲಿಯದು. ಅದರಲ್ಲಿ ಕತ್ತು ಕೊಂಕಿಸಿ ನಗುವ ಹೆಂಗಸು.

"ಫೇಮಸ್ ಫಿಲ್ಮ್ ಆಕ್ಟ್ರೆಸ್, ಚೈಲ್ಡ್. ಹರ್ ಕಂಟ್ರಿ ಹ್ಯಾಸ್ ಆನರ್ಡ್ ಹರ್," ಎಂದರು ಸಿಸ್ಟರ್. ಟ್ರಂಕಿನಲ್ಲಿ ಸಿನಿಮಾ ಪಟ ಸಿಕ್ಕರೆ ಹರಿದುಹಾಕುವವರೇ ಸಿನಿಮಾದವಳನ್ನು ನನ್ನ ಕೈಗಿಟ್ಟಿದ್ದರು!

ದಸರಾ ರಜೆಗೆ ಅದನ್ನು ಬಾಗಲೂರಿಗೆ ಒಯ್ದೆ. ಚಿಕ್ಕಪ್ಪನ ಮಗಳು ರತ್ನ ನನ್ನ ಓರಗೆಯವಳು, ಊರ ಶಾಲೆಯಲ್ಲೇ ಓದುತ್ತಿದ್ದಳು. ಹಿತ್ತಲಲ್ಲಿ ಕೂತು ಬಟ್ಟಲಿನ ಬೆಚ್ಚನೆ ನೀರಿಗೆ ಆ ಚೂರನ್ನು ಹಾಕಿದೆವು. ಸ್ವಲ್ಪ ಹೊತ್ತಿಗೆ ನಟಿ ಕಾಗದ ಬಿಟ್ಟು ತೇಲಿದಳು. ಹಸಿ ಕಡಲೆಕಾಯಿ ಸುಲಿಯುತ್ತಿದ್ದ ರತ್ನ ಮಣ್ಣು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅವಳನ್ನು ಎತ್ತಿದಳು.

"ಯಾವೂರ್ ರಾಣಿನೇ ಇವ್ಳು?"

"ರಾಣಿ ಅಲ್ಲ ಕಣೇ, ಸಿನಿಮಾದಲ್ಲಿ ಆಕ್ಟ್ ಮಾಡೋಳು."

"ಬಿಡೇ! ಆಟ ಕಟ್ಟೋಳ್ನ ಯಾವನಾದ್ರೂ ಸ್ಟಾಂಪ್‌ಗೆ ಹಾಕ್ತಾನಾ? ಇಂಗ್ಲಿಷ್ ಕಲ್ತು ಸುಳ್ಳು ಹೇಳೋದ್ ಕಲ್ತ್‌ಬುಟ್ಟೆ ನೀನು."

ಅವಳ ಪಾಲಿಗೆ ಆಕೆ ರಾಣಿಯೇ. ರಜೆ ಮುಗಿದಾಗ, ಕ್ರಿಸ್ಮಸ್‌ವರೆಗೂ ನೀನೇ ಇಟ್ಟುಕೋ ಎಂದೆ. ಅವಳ ಮುಖ ಅರಳಿತು.

"ನಿಂಗೆ ಕಾಗ್ದ ಬರೀತೀನಿ, ನೋಡ್ತಿರು."

ನೋಡುತ್ತಲೇ ಇದ್ದೆ. ಶನಿವಾರ ಊಟವಾದ ಮೇಲೆ ಹೆಸರು ಕೂಗಿ ಕಾಗದ ಹಂಚುತ್ತಿದ್ದರು. ನನಗೆ ಬರುತ್ತಿದ್ದದ್ದು ಅಪ್ಪನ ಕಾರ್ಡು, ಅದೂ ಇಂಗ್ಲಿಷಿನಲ್ಲಿ, ಕಾಂಪೊಸಿಷನ್ ತಿದ್ದಿದ ಹಾಗೆ. ರತ್ನಳದು ಬರಲೇ ಇಲ್ಲ. ಮರೆತುಬಿಟ್ಟಳು ಅಂದುಕೊಂಡೆ. ಗೇಮ್ಸ್ ಪೀರಿಯಡ್ಡಿನಲ್ಲಿ ಕಾಂಪೌಂಡಿನ ಮಾವಿನ ಮರಕ್ಕೆ ಒರಗಿ, ಹೊಸೂರಿನ ಕಡೆ ಹೋಗುವ ಬಸ್ಸು ನೋಡುತ್ತ ನಿಲ್ಲುತ್ತಿದ್ದೆ. ಆಟಕ್ಕೆ ಕರೆಯುವುದನ್ನು ಹುಡುಗಿಯರೂ ಬಿಟ್ಟರು.

ಕ್ರಿಸ್ಮಸ್ ರಜೆಗೆ ಹೋದರೆ ರತ್ನ ಮುಖ ತಿರುಗಿಸಿದಳು.

"ಬಂದ್ಲಪ್ಪಾ ಕಾನ್ವೆಂಟಮ್ಮ! ನಮ್ಮಂತೋರ್ ಕಾಗ್ದಕ್ಕೆ ಜವಾಬ್ ಬರ್ಯಕ್ಕೆ ಕೈ ನೋಯ್ತದಾ?"

"ಯಾವ ಕಾಗ್ದನೇ? ನಂಗೊಂದೂ ಬರ್ಲಿಲ್ಲ."

"ಎರಡ್ ಕಡೆನೂ ತುಂಬಾ ಬರ್ದಿದ್ದೆ. ಅನ್ನದ್ ಅಗಳಲ್ಲಿ ರಾಣೀನೇ ಅಂಟ್ಸಿ ಡಬ್ಬಕ್ಕೆ ಹಾಕ್ದೆ. ನಿಂಗೆ ಹೋಗೋ ಕಾಗ್ದಕ್ಕೆ ಎಲ್ರಂಗೆ ಪೋಸ್ಟಾಫೀಸ್ ಸ್ಟಾಂಪ್ ಹಾಕ್ತೀನಾ?"

ಪರದೇಶದ ಸ್ಟಾಂಪು, ಒಮ್ಮೆ ಮುದ್ರೆ ಬಿದ್ದದ್ದು ಬೇರೆ. ಅಂಥದ್ದು ಬೇರಿಂಗ್ ಆಗಿ ಬರುತ್ತದೆ, ಪಡೆಯುವವರೇ ದಂಡ ಕಟ್ಟಬೇಕು. ಬೇರಿಂಗ್ ಕಾಗದ ತೆಗೆದುಕೊಳ್ಳಬಾರದೆಂಬುದು ಬೋರ್ಡಿಂಗಿನ ರೂಲ್. ಮತ್ತೆ ಶಾಲೆಗೆ ಹೋದಾಗ ಸಿಸ್ಟರನ್ನು ಕೇಳಿದೆ. ಒಂದು ಬಂದಿತ್ತು, ಗೇಟಿನಿಂದಲೇ ವಾಪಸ್ ಕಳಿಸಿದೆವು ಎಂದರು. ಲಕೋಟೆಯ ಮೇಲೆ ರತ್ನ ತನ್ನ ವಿಳಾಸ ಬರೆದಿರಲಿಲ್ಲ. ಅದು ಎಲ್ಲಿಗೂ ಮುಟ್ಟಲಿಲ್ಲ.

ಅದರಲ್ಲಿ ಏನು ಬರೆದಿದ್ದೆ ಎಂದು ಎಷ್ಟು ಸಲ ಕೇಳಿದೆನೋ. "ಬಾಯಲ್ಲಿ ಹೇಳಕ್ಕೆ ನಾಚ್ಕೆ ಆಯ್ತದೆ, ಹೋಗೇ," ಎನ್ನುವಳು. ಜವಳಗಿರಿಯ ಕಡೆಗೆ ಮದುವೆಯಾಗಿ ಹೋದಳು. ಆಮೇಲೆ ಸಿಕ್ಕಿದ್ದೆಲ್ಲ ನೆಂಟರ ಮದುವೆಗಳಲ್ಲಿ, ಊಟದ ಸಾಲಿನಲ್ಲಿ. ಮೊಮ್ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡಾಗಲೂ ಕೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹೋದ ವರ್ಷ ಅವಳೂ ಹೋದಳು.

ಈಗ ನಮ್ಮಲ್ಲೂ ನಟಿಯರ ಸ್ಟಾಂಪ್ ಬರುತ್ತವೆ. ಪೇಪರಿನಲ್ಲಿ ಫೋಟೊ ಕಂಡರೆ, ರತ್ನಳಿಗೆ ತೋರಿಸೋಣ ಎಂದು ತಲೆ ಎತ್ತುತ್ತೇನೆ. ಎದುರಿಗೆ ಖಾಲಿ ಕುರ್ಚಿ ಇರುತ್ತದೆ, ಅಷ್ಟೇ. ನನ್ನ ಹೆಸರಿಗೆ ಜೀವಮಾನದಲ್ಲಿ ಎಷ್ಟೋ ಕಾಗದ ಬಂದವು, ಅಪ್ಪನವು, ಯಜಮಾನರವು, ಮಕ್ಕಳವು. ಎಲ್ಲಕ್ಕೂ ಸರಿಯಾದ ಸ್ಟಾಂಪೇ ಇತ್ತು.